ಕೆರೆ ಕೆಸರಿನ ತುಂಬಾ ಕೆಂಪು ಹುಳ: ನೀರು ಚೆನ್ನಾಗಿದೆ ಅಂತಾನಾ?

ನಾನು ಕಲಬುರಗಿಯವನು. ನಮ್ಮ ಬಡಾವಣೆ ಹಿಂದೆ ಒಂದು ಸಣ್ಣ ಕೆರೆ ಇದೆ. ಮಗಳ ಶಾಲೆ ಪ್ರಾಜೆಕ್ಟಿಗೆ ಅಂತ ಹೋದ ಭಾನುವಾರ ದಡದ ಕೆಸರನ್ನು ಹಿಟ್ಟಿನ ಜರಡಿಯಲ್ಲಿ ಸೋಸಿ, ಬಿಳಿ ತಟ್ಟೆಗೆ ಸುರುವಿ ನೋಡಿದೆವು. ನೂರಾರು ಕೆಂಪು ಹುಳ, ಒಂದಷ್ಟು ಬಸವನಹುಳ, ಅಷ್ಟೇ. ನೀರಿಗೆ ವಾಸನೆ ಇಲ್ಲ, ಕಿಟ್‌ನಲ್ಲಿ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಕೂಡ ಸರಿ ಇದೆ. ಇಷ್ಟೊಂದು ಜೀವ ಇದೆ ಅಂದರೆ ಕೆರೆ ಚೆನ್ನಾಗಿದೆ ಅಂತ ತಾನೇ?

ಬೀದರ್‌ನಿಂದ: ಇಲ್ಲ ಸರ್, ಎಷ್ಟು ಹುಳ ಅನ್ನೋದಕ್ಕಿಂತ ಎಷ್ಟು ಬಗೆ ಅನ್ನೋದು ಮುಖ್ಯ. ಆ ಕೆಂಪು ಹುಳ ಕಚ್ಚದ ಒಂದು ಜಾತಿ ನೊಣದ ಮರಿ, ಹೆಸರು ಕೈರೊನೊಮಿಡ್. ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಅದರ ಮೈಯಲ್ಲೂ ಇದೆ, ಅದಕ್ಕೇ ಆ ಬಣ್ಣ, ಅದಕ್ಕೇ ಆಮ್ಲಜನಕ ತೀರಾ ಕಡಿಮೆ ಇರುವ ಕೊಳೆ ಕೆಸರಿನಲ್ಲೂ ಅದು ಬದುಕುತ್ತದೆ. ಕೊಳಚೆ ತಡೆಯಲಾರದ ಹುಳಕ್ಕೆ ಹೆಚ್ಚು, ತಡೆಯುವ ಹುಳಕ್ಕೆ ಕಡಿಮೆ ಅಂಕ ಕೊಡುವ ಬ್ರಿಟನ್ನಿನ ಬಿಎಂಡಬ್ಲ್ಯುಪಿ ಅನ್ನೋ ಪಟ್ಟಿಯಲ್ಲಿ ಹತ್ತಕ್ಕೆ ಇದಕ್ಕೆ ಸಿಗುವುದು 2 ಅಂಕ. ಆದರೆ ಆ ಪಟ್ಟಿ ಹರಿಯುವ ಹೊಳೆಗಳಿಗೆ ಮಾಡಿದ್ದು. ತಣ್ಣಗೆ ಹರಿಯುವ ನೀರಲ್ಲಿ ಇರುವ, ಆ ಪಟ್ಟಿಯಲ್ಲಿ ಹೆಚ್ಚು ಅಂಕದ ಸ್ಟೋನ್‌ಫ್ಲೈ ಅನ್ನೋ ಕೀಟದ ಮರಿ ನಮ್ಮ ಬಿಸಿಲ ನಾಡಿನ ಕೆರೆಯಲ್ಲಿ ಸಿಗಲಿಲ್ಲ ಅಂತ ಅಂಕ ಕಳೆಯಬೇಡಿ. ಇನ್ನು ಪಿಎಚ್ ಅಂದರೆ ನೀವು ನೋಡಿದ ಆ ಗಳಿಗೆಯ ಮಾತು. ಹುಳಗಳು ಹಾಗಲ್ಲ, ವಾರಗಟ್ಟಲೆ, ಕೆಲವು ತಿಂಗಳುಗಟ್ಟಲೆ ಅದೇ ನೀರಲ್ಲಿ ಇರುತ್ತವೆ, ಯಾರೋ ರಾತ್ರಿ ಕೊಳಚೆ ಬಿಟ್ಟು ಹೋದರೂ ಅದರ ಪೆಟ್ಟು ಅವುಗಳಿಗೆ ಬಿದ್ದೇ ಬೀಳುತ್ತದೆ.

ಯಾದಗಿರಿಯಿಂದ: ಅಣ್ಣಾ, ಅಷ್ಟು ಬೇಗ ತೀರ್ಮಾನ ಬೇಡ. ಒಳ್ಳೆ ಕೆರೆಯ ಕೆಸರಲ್ಲೂ ಕೆಂಪು ಹುಳ ಇರುತ್ತವೆ. ನೀವು ಬರೀ ಕೆಸರು ಸೋಸಿದ್ದೀರಿ, ಅಲ್ವಾ? ನೀರೊಳಗಿನ ಗಿಡಗಳ ಬುಡದಲ್ಲಿ ಜರಡಿ ಆಡಿಸಿ. ಚರಂಡಿ ಸೇರುವ ಕಡೆ, ಎದುರು ದಂಡೆ, ಎರಡೂ ಕಡೆ ಬೇರೆ ಬೇರೆ ನೋಡಿ. ಮೈ ಪಕ್ಕದಲ್ಲಿ ಕಿವಿರು, ಹಿಂದೆ ಮೂರು ಬಾಲ ಇರುವ ಮೇಫ್ಲೈ ಮರಿ, ಏರೋಪ್ಲೇನ್ ಚಿಟ್ಟೆಯ ಮರಿ, ನೀರು ಜೀರುಂಡೆ, ಇವೆಲ್ಲ ಸಿಕ್ಕರೆ ಆ ಜಾಗಕ್ಕೆ ಇನ್ನೂ ಉಸಿರಿದೆ. ಬಸವನಹುಳವನ್ನು ಸುಮ್ನೆ ನಂಬಬೇಡಿ, ಕೆಲವು ಜಾತಿ ಮೇಲೆ ಬಂದು ಗಾಳಿ ಕುಡಿದು ಹೋಗುತ್ತವೆ, ನೀರಲ್ಲಿ ಆಮ್ಲಜನಕ ಇಲ್ಲದಿದ್ದರೂ ಅವಕ್ಕೆ ನಡೆಯುತ್ತದೆ. ಆಮ್ಲಜನಕ ಅಳೆಯುವುದಿದ್ದರೆ ನಸುಕಿನಲ್ಲೇ ಅಳೆಯಿರಿ, ಮಧ್ಯಾಹ್ನ ಪಾಚಿಯಿಂದಾಗಿ ಜಾಸ್ತಿ ತೋರಿಸುತ್ತದೆ.

ಕೇಳಿದವನೇ ಮತ್ತೆ: ಇವತ್ತು ಬೆಳಿಗ್ಗೆ ಹೋಗಿದ್ದೆವು ಅಕ್ಕಾ. ಎದುರು ದಂಡೆಯ ಗಿಡಗಳಲ್ಲಿ ಏಳು ಬಗೆ ಸಿಕ್ಕವು! ಬಾಲದ ತುದಿಯಲ್ಲಿ ಮೂರು ಎಲೆಯಂಥ ಕಿವಿರು ಇರುವ ಸೂಜಿ ಚಿಟ್ಟೆಯ ಮರಿ ನೋಡಿ ಮಗಳು ಕುಣಿದಾಡಿದಳು. ಚರಂಡಿ ಕಡೆ ಮಾತ್ರ ಅದೇ ಕೆಂಪು ಹುಳ, ಜೊತೆಗೆ ಇಲಿ ಬಾಲದಂಥ ಉದ್ದ ಕೊಳವೆ ಇರುವ ಒಂದು ಹುಳ.

ಯಾದಗಿರಿಯಿಂದ: ಆ ಬಾಲದ್ದು ಕೊಳವೆಯಿಂದ ಮೇಲಿನ ಗಾಳಿ ಎಳೆಯುತ್ತದೆ, ಕೊಳಚೆಯಲ್ಲೇ ಜಾಸ್ತಿ. ನಿಮ್ಮ ಕೆರೆಯ ಅರ್ಧ ಇನ್ನೂ ಗಟ್ಟಿ ಇದೆ ಅಣ್ಣಾ. ಆ ಚರಂಡಿಗೆ ಎಲ್ಲಿಂದ ಕೊಳಚೆ ಸೇರುತ್ತಿದೆ ಅಂತ ಮೊದಲು ಹುಡುಕಿ. ಮಳೆ ಬಂದ ಮರುದಿನ ಬೇಡ, ಎರಡು ಮೂರು ವಾರ ಬಿಟ್ಟು ಅದೇ ಎರಡು ಜಾಗದಲ್ಲಿ ಮತ್ತೆ ಸೋಸಿ, ಪಟ್ಟಿ ಇಲ್ಲಿ ಹಾಕಿ.