ಸಹಾಯ ಬೇಕು: ಕೂಲಂಟ್ ಬದಲಾಯಿಸುವಾಗ ಅರ್ಧದಲ್ಲೇ ನಿಂತಿದ್ದೇನೆ

ನಮ್ಮ ಕಾರಿನ ಮ್ಯಾನ್ಯುಯಲ್‌ನಲ್ಲಿ ಓಎಟಿ (ಆರ್ಗ್ಯಾನಿಕ್ ಆಸಿಡ್ ಟೆಕ್ನಾಲಜಿ ಅನ್ನೋ ಬಗೆಯ) ಕೂಲಂಟ್, ಒಟ್ಟು 6 ಲೀಟರ್ ಅಂತಿದೆ. ಬಣ್ಣ ನಂಬಬಾರದು ಅಂತ ಡಬ್ಬಿಯ ಹಿಂದೆ ಓದಿಯೇ ಓಎಟಿ ತಂದೆ, ಆದರೆ ಅದು ಮೊದಲೇ ನೀರು ಬೆರೆಸಿದ 50:50. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಕೆಳಗಿನ ಪ್ಲಗ್ ಬಿಚ್ಚಿದರೆ ಬಂದಿದ್ದು 3.5 ಲೀಟರ್ ಅಷ್ಟೇ. ತುಕ್ಕಿನ ಬಣ್ಣ, ಪಾತ್ರೆಯ ತಳದಲ್ಲಿ ಸಣ್ಣ ಮರಳಿನ ಹಾಗೆ ತರಿ. ಡಿಸ್ಟಿಲ್ಡ್ ವಾಟರ್ ಹಾಕಿ, ಎಂಜಿನ್ ಓಡಿಸಿ ಮೂರು ಸಲ ತೊಳೆದೆ, ಈಗ ತಿಳಿನೀರು ಬರುತ್ತಿದೆ.

ಆದರೆ ಉಳಿದ 2.5 ಲೀಟರ್ ನೀರು ಎಂಜಿನ್ ಬ್ಲಾಕ್ ಒಳಗೇ ಇದೆ ಅಲ್ವಾ? ಅದರ ಮೇಲೆ 50:50 ಸುರಿದರೆ ಕೂಲಂಟ್ ಅಂಶ ಸುಮಾರು 29%ಕ್ಕೆ ಇಳಿಯುತ್ತದೆ. ಬ್ಲಾಕ್‌ನ ಪ್ಲಗ್ ಎಷ್ಟು ಹುಡುಕಿದರೂ ಸಿಗಲಿಲ್ಲ. ಈಗ ನೀರು ಬೆರೆಸದ ಓಎಟಿ ಕೂಲಂಟ್ 3 ಲೀಟರ್ ಹಾಕಿ, ಮಿಕ್ಕಿದ್ದಕ್ಕೆ ಡಿಸ್ಟಿಲ್ಡ್ ವಾಟರ್ ತುಂಬಿಸಿದರೆ ಸರಿಹೋಗುತ್ತದಾ, ಇಲ್ಲಾ ಕೆಳಗಿನ ಹೋಸ್ ಬಿಚ್ಚಿ ಆ ನೀರನ್ನೂ ತೆಗೆಯಲೇಬೇಕಾ?