ಊರಿನ ಕಲಾ ಸಂಘಕ್ಕೆ ಹಣ ಎಲ್ಲಿಂದ? ಅನುಭವ ಇದ್ದವರು ತಿಳಿಸಿ

ಹಿರಿಯೂರಿನಿಂದ:
ಎಲ್ಲರಿಗೂ ನಮಸ್ಕಾರ. ನಮ್ಮದು ಹಳ್ಳಿಯ ಸಂಘ. ಸೋಬಾನೆ ಹಾಡುವ ಹೆಂಗಸರ ತಂಡ ಮತ್ತು ಶಾಲೆ ಮಕ್ಕಳ ನಾಟಕ ತಂಡ ಎರಡೂ ಇವೆ. ನೋಂದಣಿಯಾಗಿದ್ದು ಕಳೆದ ವರ್ಷ. ಫೆಬ್ರುವರಿಯಲ್ಲಿ ಎರಡು ದಿನದ ಉತ್ಸವ ಮಾಡಬೇಕೆಂದಿದ್ದೇವೆ. ಅಂದಾಜು 2 ಲಕ್ಷ ರೂಪಾಯಿ ಬೇಕು. ಇಲಾಖೆ, ಅಕಾಡೆಮಿ, ಕಂಪನಿ, ಊರಿನ ದಾನಿಗಳು, ಇವರಲ್ಲಿ ಮೊದಲು ಯಾರ ಹತ್ತಿರ ಹೋಗಬೇಕು?

ಸಾಗರದಿಂದ:
ಹಣ ಕೈಗೆ ಬಂದ ಮೇಲೆ ಉತ್ಸವ ಮಾಡುತ್ತೇವೆ ಎನ್ನುವ ಯೋಚನೆಯನ್ನು ಮೊದಲು ಬಿಡಿ. ನಮ್ಮ ಮೂರು ದಿನದ ನಾಟಕೋತ್ಸವದ ಲೆಕ್ಕ ಹೇಳುತ್ತೇನೆ. ಬೆಳಕಿನ ಸಲಕರಣೆಗೆ 42,000, ಧ್ವನಿವರ್ಧಕಕ್ಕೆ 27,000, ಹೊರಗಿನ ಎರಡು ತಂಡಗಳಿಗೆ 80,000, ಊಟಕ್ಕೆ 41,000, ಶಾಮಿಯಾನ ಮತ್ತು ಕುರ್ಚಿಗೆ 22,000, ಕರಪತ್ರ ಹಾಗೂ ವಾಹನಕ್ಕೆ 26,000. ಒಟ್ಟು 2,38,000. ಅನುದಾನ ಕೇಳಿದ್ದು 2 ಲಕ್ಷ, ಮಂಜೂರಾದದ್ದು 75,000, ಅದೂ ಮುಂದಿನ ಆರ್ಥಿಕ ವರ್ಷದಲ್ಲಿ. ಅಲ್ಲಿಯವರೆಗೆ ಒಂದು ಲಕ್ಷ ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿಯಂತೆ ಬಡ್ಡಿ ಕಟ್ಟಿದೆವು. ಇನ್ನೂ ಹೊಟ್ಟೆ ಉರಿಯುವುದು ಊಟದ ಬಿಲ್ಲಿಗೆ. ಅದು ಕಾರ್ಯದರ್ಶಿಯ ಹೆಸರಿನಲ್ಲಿದೆ, ಸಂಘದ ಹೆಸರಿನಲ್ಲಿಲ್ಲ ಎಂದು ಅನುದಾನ ಕೊಟ್ಟವರು 41,000 ರೂಪಾಯಿಯನ್ನು ಖರ್ಚಿನ ಪಟ್ಟಿಯಿಂದಲೇ ಹೊಡೆದುಹಾಕಿದರು. ಹಳ್ಳಿಯ ಅಡುಗೆ ಭಟ್ಟರ ಹತ್ತಿರ ಬಿಲ್ ಪುಸ್ತಕ ಎಲ್ಲಿರುತ್ತದೆ? ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಟ್ಟಿದ್ದರು. ಮುನ್ನೂರು ಜನ ಉಂಡು ಹೋದದ್ದಕ್ಕೆ ಊರೇ ಸಾಕ್ಷಿ.

ನಾಗಮಂಗಲದಿಂದ:
ನಾವು ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತಲಿಲ್ಲ. ನಮ್ಮ ಕಡೆ ಪೌರಾಣಿಕ ನಾಟಕವೆಂದರೆ ಪಾತ್ರಧಾರಿಗಳೇ ಹಣ ಹಾಕುತ್ತಾರೆ. ದುರ್ಯೋಧನ 70,000, ಕೃಷ್ಣ 50,000, ಭೀಮ, ಅರ್ಜುನ, ಕರ್ಣ ತಲಾ 35,000, ಶಕುನಿ 25,000, ಧರ್ಮರಾಯ, ಅಭಿಮನ್ಯು, ದುಶ್ಶಾಸನ ತಲಾ 15,000. ಸೀನರಿ ಮತ್ತು ವೇಷಭೂಷಣಕ್ಕೆ 95,000 ಹೋಯಿತು. ಹಾರ್ಮೋನಿಯಂ ಮೇಷ್ಟ್ರಿಗೆ ಪೂರ್ತಿ ತಾಲೀಮಿಗೆ 60,000, ಸ್ತ್ರೀ ಪಾತ್ರದ ಕಲಾವಿದೆಯರಿಗೆ 54,000, ತಬಲಾ ಮತ್ತು ಕೀಬೋರ್ಡಿಗೆ 28,000, ಮೈಕು ದೀಪಕ್ಕೆ 30,000. ಉಳಿದ 28,000 ರೂಪಾಯಿಯಲ್ಲಿ ಶಾಲೆಯ ರಂಗಮಂಟಪಕ್ಕೆ ನೆಲ ಹಾಕಿಸಿದೆವು. ಬೆಳಗಿನ ಜಾವದವರೆಗೆ ಜನ ಕದಲಲಿಲ್ಲ. ಯಾರಿಗೂ ವರದಿ ಕೊಡಬೇಕಾಗಿಲ್ಲ, ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಾಗಿಲ್ಲ.

ಧಾರವಾಡದಿಂದ:
ನಾಗಮಂಗಲದವರೇ, ಕಂಠವಿದ್ದು ಕಾಸಿಲ್ಲದ ಹುಡುಗ ನಿಮ್ಮ ನಾಟಕದಲ್ಲಿ ಎಲ್ಲಿ ನಿಲ್ಲಬೇಕು? ಪರದೆ ಎಳೆಯಬೇಕೇ? ಹಣವಿದ್ದವನಿಗೆ ಕಿರೀಟ ಎನ್ನುವುದನ್ನು ಸ್ವಾಭಿಮಾನ ಎಂದು ಕರೆಯಬೇಡಿ.

ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1995ರಿಂದ ಅನುದಾನ ಕೊಡುತ್ತಿದೆ. ಅದರ ಕಲಿ-ಕಲಿಸು ಯೋಜನೆಯಲ್ಲಿ ನಮ್ಮಂಥ ಶಿಕ್ಷಕರಿಗೆ ಅವಕಾಶವಿದೆ. ನಾನು ಅರ್ಜಿಯನ್ನು ಕನ್ನಡದಲ್ಲೇ ಬರೆದೆ. ಗೀಗೀ ಪದ ಎಂಬ ಜನಪದ ಹಾಡನ್ನು ಮಕ್ಕಳಿಗೆ ಏಕೆ ಕಲಿಸಬೇಕು, ಯಾರಿಂದ ಕಲಿಸುತ್ತೀರಿ ಎಂದು ಮತ್ತೆ ಮತ್ತೆ ಕೇಳಿದರು. ಉತ್ತರ ಬರೆಯುತ್ತಾ ನನ್ನ ಯೋಚನೆಯೇ ಗಟ್ಟಿಯಾಯಿತು. ಊರಿನ ಹಿರಿಯ ಪದಗಾರರಿಗೆ ಗೌರವಧನ, ದಪ್ಪು, ತುಂತುಣಿ, ತಾಳ ಎಂಬ ವಾದ್ಯಗಳು, ಎಲ್ಲಕ್ಕೂ ಅದರಲ್ಲೇ ಆಯಿತು. ಆದರೆ ಕೆಲಸ ಒಂದು ಹದಕ್ಕೆ ಬರುವಷ್ಟರಲ್ಲಿ ನನಗೆ ವರ್ಗಾವಣೆಯಾಯಿತು. ದಪ್ಪುಗಳು ಈಗ ಆ ಶಾಲೆಯ ಬೀರುವಿನಲ್ಲಿವೆ, ಬೀಗದ ಕೈ ಯಾರ ಹತ್ತಿರವಿದೆಯೋ ದೇವರೇ ಬಲ್ಲ.

ನಾಗಮಂಗಲದಿಂದ:
ಮೇಡಂ, ನಮ್ಮ ಭೀಮ ಡೇರಿಗೆ ಹಾಲು ಹಾಕಿ ವರ್ಷವಿಡೀ ಕೂಡಿಟ್ಟು 35,000 ಕಟ್ಟಿದವನು. ಅವನೇನು ಸಾಹುಕಾರನಲ್ಲ. ಕಂಠವಿರುವ ಹುಡುಗನಿಗೆ ಊರವರೇ ಸೇರಿ ಪಾತ್ರದ ಹಣ ಕಟ್ಟಿದ್ದೂ ಉಂಟು. ತಿಳಿಯದೆ ಮಾತನಾಡಬಾರದು. ಅನುದಾನದಲ್ಲಿ ಕೊಂಡ ದಪ್ಪು ಬೀರುವಿನಲ್ಲಿದೆ, ನಮ್ಮ ನಾಟಕ ಇಂದಿಗೂ ರಂಗದ ಮೇಲಿದೆ.

ಉಡುಪಿಯಿಂದ:
ಊರಿನ ಹಣವೆಂದರೆ ಎಲ್ಲರಿಗೂ ಸಿಗುವ ಹಣವಲ್ಲ. ನಮ್ಮಲ್ಲಿ ಕಟೀಲು, ಮಂದಾರ್ತಿ ದೇವಸ್ಥಾನಗಳ ಯಕ್ಷಗಾನ ಮೇಳಗಳಿಂದ ಹರಕೆ ಆಟ (ಹರಕೆಯ ಪ್ರದರ್ಶನ) ಆಡಿಸಲು ಜನ ವರ್ಷಗಟ್ಟಲೆ ಕಾಯುತ್ತಾರೆ. ಅದೇ ಭಕ್ತರ ಹತ್ತಿರ ಮಕ್ಕಳ ಯಕ್ಷಗಾನ ತರಗತಿಗೆ ಹಣ ಕೇಳಿದರೆ ಮುಖ ತಿರುಗಿಸುತ್ತಾರೆ. ವೇಷಭೂಷಣದ ಬಾಡಿಗೆ ಒಂದು ಪ್ರದರ್ಶನಕ್ಕೆ 18,000, ಹಾಡು, ಚೆಂಡೆ, ಮದ್ದಳೆಯ ಹಿಮ್ಮೇಳಕ್ಕೆ 12,000. ಪೋಷಕರು ತಿಂಗಳಿಗೆ 200 ರೂಪಾಯಿ ಕೊಡುವುದಕ್ಕೂ ಚೌಕಾಸಿ ಮಾಡುತ್ತಾರೆ. ಕೇಂದ್ರದ ಗುರು-ಶಿಷ್ಯ ಪರಂಪರೆ ಯೋಜನೆಯಲ್ಲಿ ಗುರುವಿಗೆ ತಿಂಗಳಿಗೆ 15,000 ಇದೆ ಎಂದು ಆಸೆಯಿಂದ ಹೊರಟೆವು. ಸ್ವಯಂಸೇವಾ ಸಂಸ್ಥೆಗಳ ದರ್ಪಣ್ ಜಾಲತಾಣದಲ್ಲಿ ನೋಂದಣಿ, ಲೆಕ್ಕಪರಿಶೋಧನೆ, ಹಳೆಯ ವರ್ಷಗಳ ವರದಿ ಎಂದು ಓಡಾಡುವಷ್ಟರಲ್ಲಿ ನಮ್ಮ ಗುರು, ಹಾಡುಗಾರ ಭಾಗವತರು, ಬೇರೆ ಕಡೆ ಕೆಲಸಕ್ಕೆ ಸೇರಿದರು. ಗುರುವೇ ಇಲ್ಲದ ಮೇಲೆ ಅರ್ಜಿ ಯಾರಿಗೆ?

ಬೆಂಗಳೂರಿನಿಂದ:
ಕಂಪನಿ ಹಣದ ಬಗ್ಗೆ ಯಾರೂ ಹೇಳಲಿಲ್ಲ. ಸಿಎಸ್‌ಆರ್ (ಕಂಪನಿಗಳು ಸಮಾಜಕ್ಕಾಗಿ ಖರ್ಚು ಮಾಡಬೇಕಾದ ಹಣ) ಪಟ್ಟಿಯಲ್ಲಿ ಕಲೆ, ಸಂಸ್ಕೃತಿ ಇದೆ ಎನ್ನುವುದು ನಿಜ. ಆದರೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ, ಕಂಪನಿ ಹಣ ಪಡೆಯುವ ಸಂಸ್ಥೆಗಳ ನೋಂದಣಿಯಾದ ಸಿಎಸ್‌ಆರ್-1, ಜೊತೆಗೆ ಮೂರು ವರ್ಷ ಕೆಲಸ ಮಾಡಿದ ದಾಖಲೆ ಇಲ್ಲದೆ ಒಳಗೆ ಬಿಡುವುದಿಲ್ಲ. ಲೆಕ್ಕಪರಿಶೋಧಕರಿಗೆ ನಾವು ಕೊಟ್ಟದ್ದು 24,000. ಒಂದು ಕಂಪನಿ 3 ಲಕ್ಷ ಒಪ್ಪಿಕೊಂಡು, ನಾಟಕದ ಪರದೆಯ ಮೇಲೆಯೇ ತಮ್ಮ ಗುರುತು ಬೇಕು ಎಂದಿತು. ಆಗುವುದಿಲ್ಲ ಎಂದೆವು. ಮರುವಾರ ಆ ಹಣವನ್ನು ಶೌಚಾಲಯಕ್ಕೆ ಕೊಟ್ಟಿದ್ದೇವೆ ಎಂದರು. ಶೌಚಾಲಯ ಬೇಡವೆನ್ನಲು ನಾನು ಯಾರು? ಆದರೆ ಹಾಲ್‌ಗೆ ಕಟ್ಟಿದ್ದ ಮುಂಗಡ 15,000 ಮುಳುಗಿತು. ಸಾಗರದವರು ಬಿಲ್ಲಿಗಾಗಿ ಅಳುತ್ತಿದ್ದಾರೆ. ಸಾರ್ವಜನಿಕರ ಹಣ ಪಡೆದ ಮೇಲೆ ಸರಿಯಾದ ಬಿಲ್ ಕೊಡಲೇಬೇಕು, ಅದರಲ್ಲಿ ಅನ್ಯಾಯವೇನಿದೆ?

ಸಾಗರದಿಂದ:
ನಾನು ಅಳುತ್ತಿಲ್ಲ, ಲೆಕ್ಕ ಹೇಳುತ್ತಿದ್ದೇನೆ. ನಿಮ್ಮ ನಗರದಲ್ಲಿ ಎಲ್ಲದಕ್ಕೂ ಮುದ್ರಿತ ಬಿಲ್ ಸಿಗುತ್ತದೆ. ನಮ್ಮ ಡೊಳ್ಳಿನವರಿಂದಲೂ ಜಿಎಸ್‌ಟಿ ಬಿಲ್ ಕೇಳಿದರು. ಜಾನಪದ ಕಲಾವಿದರ ಸಂಭಾವನೆ ಒಂದೂವರೆ ಲಕ್ಷದೊಳಗಿದ್ದರೆ ಜಿಎಸ್‌ಟಿಯೇ ಇಲ್ಲ ಎಂದು ನಾವೇ ಆದೇಶದ ಪ್ರತಿ ತಂದು ತೋರಿಸಬೇಕಾಯಿತು.

ಬೆಂಗಳೂರಿನಿಂದ:
ಕಲಾವಿದರಿಗೆ ಇಲ್ಲ, ಸರಿ. ಧ್ವನಿವರ್ಧಕದ ಬಾಡಿಗೆಗೆ ಇದೆಯಲ್ಲ? ಅದಕ್ಕೂ ಬಿಳಿ ಹಾಳೆ ಕೊಟ್ಟಿದ್ದೀರಾ?

ಹಿರಿಯೂರಿನಿಂದ:
ದಯವಿಟ್ಟು ಜಗಳ ಬೇಡ. ನಮ್ಮ ಸಂಘಕ್ಕೆ ಇನ್ನೂ ಮೂರು ವರ್ಷವಾಗಿಲ್ಲ. ಈ ಫೆಬ್ರುವರಿಗೆ ಏನು ಮಾಡಬಹುದು?

ಉಡುಪಿಯಿಂದ:
ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಚೇರಿಗೆ ಹೋಗಿ ಇಲಾಖೆಯೇ ಹಣ ಕೊಡುವ ಪ್ರಾಯೋಜಿತ ಕಾರ್ಯಕ್ರಮದ ಬಗ್ಗೆ ಕೇಳಿ. ನಿಮ್ಮ ತಂಡದಲ್ಲಿ ಪರಿಶಿಷ್ಟ ಜಾತಿ, ಪಂಗಡದ ಕಲಾವಿದೆಯರಿದ್ದರೆ ಅವರಿಗೆಂದೇ ಇರುವ ವಿಶೇಷ ಘಟಕ ಮತ್ತು ಗಿರಿಜನ ಉಪಯೋಜನೆಗಳ ವಿಚಾರವನ್ನೂ ಅಲ್ಲೇ ವಿಚಾರಿಸಿ. ಎರಡು ದಿನದ್ದನ್ನು ಒಂದು ದಿನ ಮಾಡಿ, ಊಟವನ್ನು ಜಾತ್ರೆ ಸಮಿತಿಗೆ ಒಪ್ಪಿಸಿ.

ಧಾರವಾಡದಿಂದ:
ನಾಗಮಂಗಲದವರು ಒಂದಕ್ಕೆ ಉತ್ತರ ಹೇಳಲಿ. ದ್ರೌಪದಿ, ಕುಂತಿಗೆ 54,000 ಕೊಟ್ಟು ಹೊರಗಿನಿಂದ ಕರೆಸಿದಿರಿ. ನಿಮ್ಮ ಊರಿನ ಹೆಣ್ಣುಮಕ್ಕಳಿಗೆ ಏಕೆ ಕಲಿಸಲಿಲ್ಲ?

ನಾಗಮಂಗಲದಿಂದ:
ಕರೆದೆವು. ಮನೆಯವರು ಕಳುಹಿಸಲಿಲ್ಲ. ಆ ಕಲಾವಿದೆಯರಿಗೆ ಅದೇ ಜೀವನ, ವರ್ಷಕ್ಕೆ ಕೆಲವೇ ತಿಂಗಳ ದುಡಿಮೆ. ಅವರ ಅನ್ನದ ಬಗ್ಗೆ ನೀವು ಮಾತನಾಡಬೇಡಿ.

ಧಾರವಾಡದಿಂದ:
ಅವರ ಅನ್ನದ ಮಾತು ನಾನು ಆಡಲಿಲ್ಲ. ಮನೆಯವರು ಕಳುಹಿಸಲಿಲ್ಲ ಎಂದಿರಲ್ಲ, ಆ ಮನೆಯವರಲ್ಲಿ ನಿಮ್ಮ ದುರ್ಯೋಧನ, ಭೀಮರ ಮನೆಯವರು ಎಷ್ಟು ಜನ ಎಂದು ಹೇಳಿ.