ಪ್ರಶ್ನೋತ್ತರ: ತಡೆಯುವ ಕಾರ್ಡ್, ಮುಚ್ಚಿಟ್ಟ ಕಾರ್ಡ್

ಪ್ರಶ್ನೆ: ನಮಸ್ಕಾರ ಮೇಡಂ. ನಾವು ನಾಲ್ವರು ಗೆಳೆಯರು ಸೇರಿ, ಮಾಂತ್ರಿಕರು ಎದುರುಬದುರಾಗುವ ಇಬ್ಬರ ಕಾರ್ಡ್ ಆಟವೊಂದನ್ನು ರೂಪಿಸುತ್ತಿದ್ದೇವೆ. ಒಟ್ಟು 120 ಕಾರ್ಡ್‌ಗಳಲ್ಲಿ 14 ಎದುರಾಳಿಯ ಮಂತ್ರವನ್ನು ರದ್ದುಮಾಡುವ 'ತಡೆ' ಕಾರ್ಡ್‌ಗಳು. ಇನ್ನು 22 'ಗುಪ್ತ' ಕಾರ್ಡ್‌ಗಳಿದ್ದು, ಅವನ್ನು ಮಗುಚಿಟ್ಟು, ಎದುರಾಳಿ ನಿರ್ದಿಷ್ಟ ಕೆಲಸ ಮಾಡಿದಾಗ ತೆರೆಯಬೇಕು. ಎರಡಕ್ಕೂ ಶಕ್ತಿಯ ಖರ್ಚಿಲ್ಲ. ಆಡಿ ನೋಡಿದವರು, ಏನು ಮಾಡಿದರೂ ನಡೆಯುವುದಿಲ್ಲವೆಂದು ಬೇಸತ್ತು ಅರ್ಧಕ್ಕೇ ಏಳುತ್ತಿದ್ದಾರೆ. ತಡೆ ಕಾರ್ಡ್‌ಗಳನ್ನೇ ತೆಗೆದುಬಿಡಬೇಕೆ?

ಉತ್ತರ: ದಯವಿಟ್ಟು ತೆಗೆಯಬೇಡಿ. ನಿಮ್ಮ ಆಟಗಾರರನ್ನು ಎಬ್ಬಿಸುತ್ತಿರುವುದು ತಡೆಯಲ್ಲ, ಅದು ಬರಲಿದೆ ಎಂಬ ಸುಳಿವೇ ಸಿಗದಿರುವುದು.

1993ರಲ್ಲಿ ಬಂದ ಮ್ಯಾಜಿಕ್: ದಿ ಗ್ಯಾದರಿಂಗ್ ಆಟದ ಕೌಂಟರ್‌ಸ್ಪೆಲ್ ಕಾರ್ಡನ್ನು ನೋಡಿ. ಅದಕ್ಕೆ ಎರಡು ನೀಲಿ ಮನಾ, ಅಂದರೆ ಆ ಆಟದಲ್ಲಿ ಮಂತ್ರಕ್ಕೆ ತೆರುವ ಶಕ್ತಿ, ಬೇಕು. ಎದುರಾಳಿಯ ಸರದಿಯಲ್ಲಿ ಅದನ್ನು ಬಳಸಬೇಕೆಂದರೆ, ನಿಮ್ಮ ಸರದಿಯಲ್ಲಿ, ನೀಲಿ ಮನಾ ಕೊಡುವ ಎರಡು ಐಲೆಂಡ್ ಕಾರ್ಡ್‌ಗಳನ್ನು ಅಡ್ಡ ತಿರುಗಿಸದೆ (ಬಳಸದೆ) ಉಳಿಸಿಕೊಳ್ಳಬೇಕು, ಅಂದರೆ ಅಷ್ಟು ಮನಾದಿಂದ ಮಾಡಬಹುದಾಗಿದ್ದ ಬೇರೆ ಕೆಲಸವನ್ನು ಬಿಟ್ಟುಕೊಡಬೇಕು. ಮೇಜಿನ ಮೇಲೆ ನೆಟ್ಟಗೆ ನಿಂತ ಆ ಎರಡು ಐಲೆಂಡ್‌ಗಳು ಎದುರಾಳಿಗೂ ಕಾಣುತ್ತವೆ. ದೊಡ್ಡ ಮಂತ್ರವನ್ನು ಕೈಯಲ್ಲಿ ಹಿಡಿದವರು ಅವನ್ನು ಕಂಡು ಒಂದು ಕ್ಷಣ ತಡೆದು, ಅದನ್ನು ಮತ್ತೆ ಕೈಯೊಳಗೆ ಸೇರಿಸಿ, ಚಿಕ್ಕದೊಂದನ್ನು ಆಡುತ್ತಾರೆ. ತಡೆ ಕಾರ್ಡಿನ ನಿಜವಾದ ಆಟ ಆ ಕ್ಷಣದಲ್ಲಿದೆ, ಕೈಯಲ್ಲಿ ಅದು ಇಲ್ಲದಿದ್ದರೂ. ಖರ್ಚಿಲ್ಲದ ತಡೆ ಈ ಕ್ಷಣವನ್ನೇ ಕೊಂದುಹಾಕುತ್ತದೆ.

ಅದೇ ಆಟದ ಮನಾ ಲೀಕ್ ಇನ್ನೂ ಉದಾರವಾದದ್ದು: ಎದುರಾಳಿ ಇನ್ನೂ ಮೂರು ಮನಾ ತೆತ್ತರೆ ಅವರ ಮಂತ್ರ ಉಳಿಯುತ್ತದೆ. ಆಟದ ಆರಂಭದಲ್ಲಿ ಅದು ಗಟ್ಟಿ ತಡೆ, ಕೊನೆಗೆ ಬರುತ್ತ ಸಡಿಲ, ಕಾದು ಆಡುವವರಿಗೆ ದಾರಿ ತೆರೆದೇ ಇರುತ್ತದೆ. ನಿಮ್ಮ 14ರಲ್ಲಿ ಎರಡೋ ಮೂರೋ ಮಾತ್ರ ಪೂರ್ತಿ ರದ್ದು ಮಾಡಲಿ, ಉಳಿದವು ಹೀಗೆ ಬೆಲೆ ಕೇಳಲಿ.

ಗುಪ್ತ ಕಾರ್ಡ್‌ಗಳ ವಿಷಯಕ್ಕೆ ನಮ್ಮ ಇಸ್ಪೀಟಿನ 'ಇಪ್ಪತ್ತೆಂಟು' ಆಟಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಕೂಗಿ ಗೆದ್ದವರು ತುರುಫನ್ನು ಮಗುಚಿಡುತ್ತಾರೆ. ಆದರೂ ಅದು ಇಸ್ಪೀಟು, ಆಟೀನು, ಕಳಾವರ್, ಡೈಮಂಡ್ ಈ ನಾಲ್ಕರಲ್ಲೊಂದು ಎಂಬುದೂ, ಯಾವಾಗ ಅದನ್ನು ತೆರೆಯಿಸಬಹುದು ಎಂಬುದೂ ಎಲ್ಲರಿಗೂ ತಿಳಿದಿರುತ್ತದೆ. ಊಹೆಗೆ ಆಧಾರವಿರುವುದರಿಂದಲೇ ಅದು ರುಚಿಸುತ್ತದೆ. 2014ರ ಹಾರ್ತ್‌ಸ್ಟೋನ್ ಎಂಬ ಕಂಪ್ಯೂಟರ್ ಕಾರ್ಡ್ ಆಟದಲ್ಲೂ ಮಾಂತ್ರಿಕ ವರ್ಗದ ಸೀಕ್ರೆಟ್ (ಗುಪ್ತ) ಕಾರ್ಡ್‌ಗಳಿಗೆಲ್ಲ ಮೂರು ಮನಾ ಎಂಬ ಒಂದೇ ಬೆಲೆಯಿದೆ, ಹಾಗಾಗಿ ಬೆಲೆ ನೋಡಿ ಗುಟ್ಟು ಹಿಡಿಯಲಾಗದು. ಆದರೆ ತಡಕಿ ನೋಡಬಹುದು: ಎರಡನೆಯವರಾಗಿ ಆಡುವವರಿಗೆ ಸಿಗುವ, ಖರ್ಚಿಲ್ಲದ 'ಕಾಯಿನ್' ಮಂತ್ರವನ್ನು ಕೂಡಿಟ್ಟುಕೊಂಡು, ಎದುರಾಳಿಯ ಗುಪ್ತ ಕಾರ್ಡ್ ಮಂತ್ರ ತಡೆಯುವಂಥದ್ದೆಂಬ ಅನುಮಾನ ಬಂದಾಗ ಮೊದಲು ಅದನ್ನು ಎಸೆದು, ಅದು ರದ್ದಾದ ಮೇಲೆ ದೊಡ್ಡ ಮಂತ್ರ ಆಡುವವರಿದ್ದಾರೆ. ನಿಮ್ಮ 22 ಕಾರ್ಡ್‌ಗಳು ಬೇರೆ ಬೇರೆ ಸಂದರ್ಭಗಳಲ್ಲಿ ತೆರೆದುಕೊಳ್ಳುವುದಾದರೆ ತಡಕಲು ಹಿಡಿಯೇ ಇಲ್ಲ. ದಾಳಿ, ಮಂತ್ರ, ಹೊಸ ಜೀವಿಯ ಆಗಮನ ಈ ಮೂರಕ್ಕೆ ಅವನ್ನು ಕಟ್ಟಿ, ಎಲ್ಲಕ್ಕೂ ಒಂದೇ ಬೆಲೆ ಇಡಿ.

ಮರುಪ್ರಶ್ನೆ: ತುಂಬಾ ಧನ್ಯವಾದ ಮೇಡಂ. ಒಬ್ಬರ ತಡೆಗೆ ಇನ್ನೊಬ್ಬರು ತಡೆ ಹಾಕಿದರೆ ಯಾವುದು ಮೊದಲು ಜಾರಿಯಾಗಬೇಕು? ಮಗುಚಿಟ್ಟ ಕಾರ್ಡಿನಲ್ಲಿ ಮೋಸ ಮಾಡಿದರೆ ಪತ್ತೆ ಹೇಗೆ?

ಉತ್ತರ: ಮ್ಯಾಜಿಕ್ ಆಟವು 1999ರಲ್ಲಿ, ಆರನೆಯ ಆವೃತ್ತಿಯ ನಿಯಮಗಳೊಂದಿಗೆ, ಕೊನೆಗೆ ಬಂದದ್ದು ಮೊದಲು ಜಾರಿ ಎಂಬ ಕ್ರಮವನ್ನು ಅಳವಡಿಸಿಕೊಂಡಿತು. ನೀವೂ ಕಾರ್ಡ್‌ಗಳನ್ನು ನಿಜವಾಗಿಯೇ ಒಂದರ ಮೇಲೊಂದು ಪೇರಿಸಿ, ಮೇಲಿನಿಂದ ತೆಗೆಯುತ್ತ ಬರುವಂತೆ ಮಾಡಿ. ಬಾಯಿಮಾತಿನ ಲೆಕ್ಕ ಮೂರನೆಯ ಕಾರ್ಡಿಗೇ ತಪ್ಪುತ್ತದೆ. ನಿಮ್ಮ ಆಟದ ಮೊದಲ ಆವೃತ್ತಿಯಲ್ಲಿ ಒಂದು ತಡೆಗೆ ಒಂದೇ ಮರುತಡೆ ಸಾಕು.

ಮೋಸದ ಪ್ರಶ್ನೆಗೂ ಉತ್ತರ ಮ್ಯಾಜಿಕ್‌ನಲ್ಲೇ ಇದೆ. 2002ರಲ್ಲಿ ಆ ಆಟಕ್ಕೆ ಬಂದ 'ಮಾರ್ಫ್' ಎಂಬ ಜೀವಿ ಕಾರ್ಡ್‌ಗಳನ್ನು ಮೂರು ಮನಾ ತೆತ್ತು ಮಗುಚಿ ಆಡಬಹುದು, ಆದರೆ ಅವು ಆಟದ ಅಂಗಳ ಬಿಡುವಾಗ ಮತ್ತು ಪಂದ್ಯ ಮುಗಿದಾಗ ತೆರೆದು ತೋರಿಸಲೇಬೇಕು. ಇದೇ ನಿಯಮವನ್ನು ನಿಮ್ಮ ಪುಸ್ತಿಕೆಯಲ್ಲೂ ಬರೆಯಿರಿ. ಮುಂದಿನ ಬಾರಿ ಆಡಿಸುವಾಗ, ಕೈಯಲ್ಲಿದ್ದ ಕಾರ್ಡನ್ನು ಯಾರು ಎಷ್ಟು ಸಲ ಹಿಂದಕ್ಕೆಳೆದುಕೊಂಡರು ಎಂಬುದನ್ನು ಬರೆದಿಟ್ಟು ಇಲ್ಲಿ ತಿಳಿಸಿ.